ಜೀವ ಉಳಿದ ಮೇಲಿನ ಕೆಲಸ

ಮಿದುಳಿಗೆ ಪೆಟ್ಟಾದವರ ಮನೆಯಲ್ಲಿ ಮೊದಲ ಕೆಲವು ವಾರ ಎಲ್ಲರಿಗೂ ಕಾಣುವಂಥದ್ದು. ಆಂಬುಲೆನ್ಸ್, ಐಸಿಯು, ಸ್ಕ್ಯಾನ್, ಹೊರಗೆ ಬೆಂಚಿನ ಮೇಲೆ ಕೂತ ನೆಂಟರು, ದುಡ್ಡಿಗೆ ಓಡಾಟ, ದೇವರಿಗೆ ಹರಕೆ. “ಜೀವಕ್ಕೇನೂ ಅಪಾಯ ಇಲ್ಲ” ಎಂದು ಡಾಕ್ಟರು ಹೇಳಿದ ದಿನ ಎಲ್ಲರ ಮುಖವೂ ಸಡಿಲವಾಗುತ್ತದೆ, ನೆಂಟರು ಊರಿಗೆ ಹೊರಡುತ್ತಾರೆ. ಆಮೇಲಿನದು ಮನೆಯೊಳಗೆ ನಡೆಯುವ ಕೆಲಸ. ವರ್ಷಗಟ್ಟಲೆ ನಡೆಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಡಿಸ್ಚಾರ್ಜ್ ಕಾಗದದಲ್ಲಿ ಅದಕ್ಕೆ ಸಿಕ್ಕಿದ್ದು ಕೊನೆಯ ಒಂದು ಸಾಲು: ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ, ಯಾರ ಹತ್ತಿರ, ಎಷ್ಟು ಕಾಲ ಎಂಬುದು ಅದರಲ್ಲಿ ಇರಲಿಲ್ಲ. ಆ ಸಾಲಿನ ಬಗ್ಗೆಯೇ ಈ ಬರಹ.

ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. ನಾನು ಕಾರವಾರದಲ್ಲಿ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ, ಮೂಲ ಊರು ಶಿರಸಿ ಹತ್ತಿರದ ಹಳ್ಳಿ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಗೆಳೆಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯಲು, ಹೋಗಿದ್ದೆ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ. ಚಳಿಗಾಲದಲ್ಲಿ ನೀರು ತಿಳಿಯಾಗಿ, ಬಂಡೆಯ ಮೇಲಿನ ಹವಳ, ಅದರ ಸುತ್ತ ಗಿಳಿಮೀನು, ಚಿಟ್ಟೆಮೀನು ಎಲ್ಲ ಕೈಗೆಟಕುವಷ್ಟು ಹತ್ತಿರ ಕಾಣುತ್ತವೆ. ಇಳಿದದ್ದು ಹತ್ತು ಮೀಟರಿಗೆ ಹತ್ತಿರ. ಒಂದು ಹಂತದಲ್ಲಿ ಮಾಸ್ಕಿಗೆ ನೀರು ನುಗ್ಗಿತು, ಮೂಗಿಗೆ ಹೋಯಿತು, ಗಂಟಲು ತಾನಾಗಿ ಮುಚ್ಚಿಕೊಂಡಿತು, ಮೈ ಮೇಲಕ್ಕೆ ಚಿಮ್ಮಿತು. ಜೊತೆಗಿದ್ದ ತರಬೇತುದಾರ ಹಿಡಿಯುವಷ್ಟರಲ್ಲಿ ನಾನು ನೀರಿನ ಮೇಲಿದ್ದೆ.

ಒಳಗೆ ಆದದ್ದನ್ನು ವಿವರಿಸುವ ನಿಯಮವನ್ನು ನಾನು ಪ್ರತಿ ವರ್ಷ ಪ್ರಥಮ ಪಿಯು ಮಕ್ಕಳಿಗೆ ಹೇಳಿಕೊಡುತ್ತೇನೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ್ದು: ತಾಪ ಬದಲಾಗದಿದ್ದರೆ, ಒತ್ತಡ ಅರ್ಧವಾದಾಗ ಅನಿಲದ ಗಾತ್ರ ಎರಡರಷ್ಟಾಗುತ್ತದೆ. ಸಮುದ್ರದಲ್ಲಿ ಹತ್ತು ಮೀಟರ್ ಆಳದ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಹೊರಗೆ ಬಿಡದೆ ಮೇಲೆ ಬಂದರೆ ಶ್ವಾಸಕೋಶದಲ್ಲಿ ಇರುವ ಗಾಳಿಗೆ ಎರಡರಷ್ಟು ಜಾಗ ಬೇಕು. ಅಷ್ಟು ಜಾಗ ಎದೆಯಲ್ಲಿ ಇಲ್ಲ. ಗಾಳಿಗೂಡುಗಳು ಹರಿದು, ಗುಳ್ಳೆಗಳು ರಕ್ತಕ್ಕೆ ಸೇರಿ, ಹೃದಯದ ಎಡಭಾಗದಿಂದ ನೇರ ಮಿದುಳಿಗೆ ಹೋಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದೆರಡು ಮೀಟರ್ ಆಳದಿಂದ ಬಂದವರಿಗೂ ಹೀಗಾದದ್ದುಂಟು. ಬೋಟಿನ ಏಣಿ ಹತ್ತುವಾಗ ನನ್ನ ಬಲಗಾಲು ಮೆಟ್ಟಿಲಿಗೆ ಬರಲೇ ಇಲ್ಲ. ಏನೋ ಹೇಳಲು ಹೋದೆನಂತೆ. ಅದು ಯಾವ ಭಾಷೆಯೂ ಆಗಿರಲಿಲ್ಲ ಎಂದು ಗೆಳೆಯ ಆಮೇಲೆ ಹೇಳಿದ.

ಆ ತರಬೇತುದಾರ ಹುಡುಗನಿಗೆ ನಾನು ಋಣಿ. ನನ್ನನ್ನು ಅಂಗಾತ ಮಲಗಿಸಿ ತಕ್ಷಣ ಆಕ್ಸಿಜನ್ ಹಾಕಿದ. ದಡಕ್ಕೆ ಬಂದಾಗ ಎಲ್ಲರೂ ಒಂದೇ ಬಾಯಿಂದ “ಹುಬ್ಬಳ್ಳಿಗೆ ಒಯ್ಯೋಣ” ಎಂದಾಗ, ಘಟ್ಟ ಹತ್ತಿಸಲೇಬಾರದು ಎಂದು ಅಡ್ಡ ನಿಂತವನೂ ಅವನೇ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ರಕ್ತದಲ್ಲಿರುವ ಗುಳ್ಳೆ ಇನ್ನೂ ಹಿಗ್ಗುತ್ತದೆ. ಡೈವ್ ಮಾಡಿದವರು ಒಂದಿಷ್ಟು ಕಾಲ ವಿಮಾನ ಹತ್ತಬಾರದು ಎಂಬುದು ಬಹಳ ಜನರಿಗೆ ಗೊತ್ತು. ಘಟ್ಟದ ರಸ್ತೆಗೂ ಅದೇ ಲೆಕ್ಕ ಎಂಬುದು ಗೊತ್ತಿಲ್ಲ. ಅರಬೈಲ್ ಇರಲಿ, ದೇವಿಮನೆ ಇರಲಿ, ಹತ್ತಿ ಮುಗಿಯುವ ಹೊತ್ತಿಗೆ ಐದಾರು ನೂರು ಮೀಟರ್ ಮೇಲೆ ಬಂದಿರುತ್ತೇವೆ. ನೇತ್ರಾಣಿಗೆ ಹೋಗಿ ಅದೇ ಸಂಜೆ ಕಾರಿನಲ್ಲಿ ಶಿರಸಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುವವರು ಇದನ್ನು ದಯವಿಟ್ಟು ನೆನಪಿಡಿ. ಒಂದು ರಾತ್ರಿ ಕೆಳಗೇ ಉಳಿದು ಹೋಗಿ.

ಹೆದ್ದಾರಿ 66 ಬಿಡದೆ ಕರಾವಳಿಯಲ್ಲೇ ಸಾಗಿ ಒತ್ತಡದ ಚೇಂಬರ್ ಇರುವ ಕಡೆ ನನ್ನನ್ನು ಮುಟ್ಟಿಸುವಾಗ ಬಹಳ ಗಂಟೆಗಳು ಕಳೆದಿದ್ದವು. ಚೇಂಬರಿನಲ್ಲಿ 18 ಮೀಟರ್ ಆಳದಷ್ಟು ಒತ್ತಡ ಕೊಟ್ಟು, ಶುದ್ಧ ಆಕ್ಸಿಜನ್ ಉಸಿರಾಡಿಸುತ್ತ ಐದು ಗಂಟೆಗೆ ಹತ್ತಿರ ಇಡುತ್ತಾರೆ. ಗುಳ್ಳೆ ಕುಗ್ಗುತ್ತದೆ, ಕರಗುತ್ತದೆ. ಆದರೆ ಅಷ್ಟು ಹೊತ್ತು ರಕ್ತ ಸಿಗದೆ ಸತ್ತ ಮಿದುಳಿನ ಭಾಗ ಮತ್ತೆ ಹುಟ್ಟುವುದಿಲ್ಲ. ನನ್ನ ಮಿದುಳಿನ ಎಡಭಾಗದಲ್ಲಿ ಹಾಗೆ ಹೋದದ್ದು ಬಲಗೈ ಆಡಿಸುವ ಜಾಗದ ಒಂದು ಚೂರು, ಮಾತು ಕಟ್ಟುವ ಜಾಗದ ಒಂದು ಚೂರು.

ಮಾತು ಹೋಗುವುದು ಎಂದರೆ ಮೂಕನಾಗುವುದು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಚಿಕಿತ್ಸೆ ಮುಗಿದು ಘಟ್ಟ ಹತ್ತಬಹುದು ಎಂದ ಮೇಲೆ ನನ್ನನ್ನು ಊರಿನ ಮನೆಗೆ ಕರೆತಂದರು. ಆಯಿ, ಎಂದರೆ ನನ್ನ ಅಮ್ಮ, ಪಕ್ಕದಲ್ಲಿ ಕೂತು “ಅಪ್ಪೀ, ಎಂತ ಬೇಕೋ?” ಎಂದು ಕೇಳುತ್ತಿದ್ದಳು. ಬೇಕಾಗಿದ್ದದ್ದು ನೀರು. ನೀರು ಕಣ್ಣ ಮುಂದೆ ಇದೆ, ತಂಬಿಗೆ ಇದೆ, ಬಾಯಾರಿಕೆ ಇದೆ. ಬಾಯಿಂದ ಬಂದದ್ದು “ಸೋಮವಾರ”. ತಲೆ ಅಲ್ಲಾಡಿಸಿ ಮತ್ತೆ ಪ್ರಯತ್ನಪಟ್ಟರೆ ಮತ್ತೂ “ಸೋಮವಾರ”. ಅದು ಸರಿಯಿಲ್ಲ ಎಂದು ಹೇಳಿದ ಕೂಡಲೇ ನನಗೇ ಗೊತ್ತಾಗುತ್ತಿತ್ತು, ಆಯಿಯ ಮುಖದಲ್ಲೂ ಕಾಣುತ್ತಿತ್ತು. ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದ. ಹೇಳಿದ್ದೆಲ್ಲ ಅರ್ಥವಾಗುತ್ತಿದ್ದರೂ ಆತನ ಬಾಯಲ್ಲಿ ಉಳಿದಿದ್ದದ್ದು “ತಾನ್” ಎಂಬ ಒಂದು ಉಲಿ. ಮಿದುಳಿನ ಎಡ ಮುಂಭಾಗದ ಆ ಜಾಗಕ್ಕೆ ಇಂದಿಗೂ ಬ್ರೋಕಾನ ಹೆಸರು.

ಅದೇ ದಿನಗಳಲ್ಲಿ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಆಯಿ ಎಂದಿನಂತೆ ಭಜನೆ ಶುರುಮಾಡಿದಳು. ಎರಡನೇ ಸಾಲಿಗೆ ನನ್ನ ದನಿ ಸೇರಿತು. ಶಬ್ದಗಳ ಸಮೇತ, ರಾಗದ ಸಮೇತ, ಒಂದೂ ತಪ್ಪದೆ. ಆಯಿ ಹಾಡು ನಿಲ್ಲಿಸಿ ಅತ್ತಳು. ಅವಳು ನಿಲ್ಲಿಸಿದ ಕೂಡಲೇ ನನ್ನ ಮಾತೂ ನಿಂತಿತು. ಮನೆಯವರು ಇದನ್ನು ದೇವರ ದಯೆ ಎಂದರು, ಹಾಗೆ ಅನ್ನಲಿ. ವಿಜ್ಞಾನಕ್ಕೂ ಇದು ಗೊತ್ತಿದೆ. ಬಾಯಿಪಾಠವಾಗಿ ಕೂತ ಹಾಡು, ಮಗ್ಗಿ, ವಾರಗಳ ಹೆಸರು ಮಿದುಳಿನಲ್ಲಿ ಬೇರೆ ದಾರಿಯಿಂದ ಬರುತ್ತವೆ, ಹಾಡಿನಲ್ಲಿ ಬಲಭಾಗದ ಪಾಲು ದೊಡ್ಡದು. 1970ರ ದಶಕದಲ್ಲಿ ಬೋಸ್ಟನ್ನಿನ ಚಿಕಿತ್ಸಕರು ಇದನ್ನೇ ಹಿಡಿದು, ಮಾತನ್ನು ರಾಗದಲ್ಲಿ ಹೇಳಿಸಿ ಆಮೇಲೆ ರಾಗ ಬಿಡಿಸುವ ಒಂದು ಕ್ರಮ ರೂಪಿಸಿದರು. ನನಗೆ ಕಲಿಸಿದವರು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಒಬ್ಬ ಯುವತಿ, ಹೆಚ್ಚಿನ ಪಾಠ ವಿಡಿಯೋ ಕರೆಯಲ್ಲೇ. ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ “ನೀ-ರು ಬೇ-ಕು” ಎಂದು ಹಾಡಬೇಕು. ಯಕ್ಷಗಾನದ ಭಾಗವತರಂತೆ ಎದೆಗೊಟ್ಟು ಹಾಡಿ ಸರ್ ಎನ್ನುತ್ತಿದ್ದರು ಆಕೆ. ಹಾಡಿದೆ. ನೀರು, ಸಾಕು, ನೋವು, ಬಚ್ಚಲು, ಮಗಳ ಹೆಸರು, ಹೆಂಡತಿಯ ಹೆಸರು, ಇವೆಲ್ಲ ಮೊದಲು ರಾಗವಾಗಿಯೇ ಬಂದವು.

ಕೈಯ ಕತೆ ಬೇರೆ. ಬಲಗೈ ಪೂರ್ತಿ ಬಿದ್ದಿರಲಿಲ್ಲ, ಆದರೆ ಕೆಲಸಕ್ಕೆ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ಎಲ್ಲವನ್ನೂ ಒಳ್ಳೆಯ ಕೈಯಲ್ಲಿ ಮಾಡುತ್ತಾನೆ, ಕೆಟ್ಟ ಕೈಯನ್ನು ಮಿದುಳು ಮರೆತೇಬಿಡುತ್ತದೆ. ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ ಉಲ್ಟಾ ಉಪಾಯ ಕಂಡುಹಿಡಿದ: ಒಳ್ಳೆಯ ಕೈ ಕಟ್ಟಿಹಾಕು, ಕೆಟ್ಟ ಕೈಯಿಂದಲೇ ದಿನವಿಡೀ ಮಾಡಿಸು. 2006ರಲ್ಲಿ 222 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಎರಡು ವಾರ ಹಾಗೆ ಮಾಡಿದವರ ಕೈ, ಮಾಮೂಲು ಆರೈಕೆಯಲ್ಲಿದ್ದವರದಕ್ಕಿಂತ ಚೆನ್ನಾಗಿ ಸುಧಾರಿಸಿತ್ತು, ಒಂದು ವರ್ಷದ ನಂತರವೂ ಆ ಗುಣ ಉಳಿದಿತ್ತು. ಇದನ್ನು ಫಿಸಿಯೋಥೆರಪಿಸ್ಟ್ ವಿವರಿಸಿ, ಪ್ಲಾಸ್ಟಿಕ್ ಮಣಿ, ಬಟ್ಟೆಯ ಕ್ಲಿಪ್ಪು, ರಬ್ಬರ್ ಚೆಂಡು ತರಲು ಪಟ್ಟಿ ಕೊಟ್ಟರು.

ಅಪ್ಪಯ್ಯ ಪಟ್ಟಿ ಓದಿ, ಏನೂ ಹೇಳದೆ, ನನ್ನ ಮುಂದೆ ಒಂದು ಗೆರಸಿ ಚಾಲಿ ಅಡಿಕೆ ತಂದಿಟ್ಟ. ಅಂಗಳದಲ್ಲಿ ಒಣಗಿಸಿ, ಸುಲಿಸಿ, ಆಯ್ದು ಸೊಸೈಟಿಗೆ ಒಯ್ಯುವ ಕಾಲ ಅದು. ಹೆಂಡತಿ ಹಳೆಯ ಪಂಚೆಯಲ್ಲಿ ಒಂದು ಚೀಲ ಹೊಲಿದು ನನ್ನ ಎಡಗೈಗೆ ಕಟ್ಟಿದಳು. ಎದುರಿಗೆ ಬುಟ್ಟಿಗಳು. ನುಣುಪಾದ ಒಳ್ಳೆಯ ಚಾಲಿ ಒಂದರಲ್ಲಿ, ಸುಕ್ಕಾದ ಬಿಳೆಗೋಟು ಇನ್ನೊಂದರಲ್ಲಿ, ಕಪ್ಪಾಗಿ ಕೆಟ್ಟ ಕೋಕಾ ಮತ್ತೊಂದರಲ್ಲಿ. ಚಿಕ್ಕಂದಿನಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿ ಮಾಡಬಹುದಾಗಿತ್ತು. ಈಗ ಹೆಬ್ಬೆರಳು, ತೋರುಬೆರಳು ಸೇರುವುದಕ್ಕೇ ಒಪ್ಪುವುದಿಲ್ಲ. ಅಡಿಕೆ ಜಾರುತ್ತದೆ. ಐದೂ ಬೆರಳು ಒಟ್ಟಿಗೆ ಮುಚ್ಚಿ ಮೂರು ನಾಲ್ಕು ಅಡಿಕೆ ಬಾಚಿಕೊಂಡು ಬರುತ್ತದೆ, ಬುಟ್ಟಿಯ ಮೇಲೆ ಕೈ ಹೋದಾಗ ಬೆರಳು ಬಿಚ್ಚುವುದಿಲ್ಲ. ಬಿಚ್ಚು, ಬಿಚ್ಚು ಎಂದು ನಾನೇ ನನ್ನ ಕೈಗೆ ಹೇಳುತ್ತ ಕಾಯಬೇಕು. ತಾನು ಒಪ್ಪಿದಾಗ ಅದು ಬಿಚ್ಚುತ್ತದೆ, ಅಡಿಕೆ ಟಪ್ಪೆಂದು ಬೀಳುತ್ತದೆ. ಎಷ್ಟೋ ಸಲ ತಪ್ಪು ಬುಟ್ಟಿಗೆ. ಅಪ್ಪಯ್ಯ ಎದುರು ಕೂತು ತನ್ನ ಪಾಲಿನದನ್ನು ಆಯುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಆಯ್ದದ್ದನ್ನು ರಾತ್ರಿ ಇನ್ನೊಮ್ಮೆ ಅವನೇ ಆಯುತ್ತಿದ್ದ ಎಂದು ಹೆಂಡತಿ ಬಹಳ ದಿನಗಳ ಮೇಲೆ ಹೇಳಿದಳು.

ಪ್ಲಾಸ್ಟಿಕ್ ಮಣಿಗಿಂತ ಅಡಿಕೆ ಯಾಕೆ ಮೇಲಾಯಿತು ಎಂದು ಆಮೇಲೆ ಯೋಚಿಸಿದ್ದೇನೆ. ಮಣಿ ಎಣಿಸುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಅಡಿಕೆಗೆ ದರ ಇದೆ, ಚಾಲಿಯಲ್ಲಿ ಕೋಕಾ ಸೇರಿದರೆ ಟೆಂಡರಿನಲ್ಲಿ ದರ ಬೀಳುತ್ತದೆ. ನನ್ನ ಕೈ ಮಾಡುತ್ತಿದ್ದದ್ದು ಮನೆಗೆ ಬೇಕಾದ ಕೆಲಸ. ಬೆರಳಿನ ಹಿಡಿತ, ಕಣ್ಣಿನ ಗಮನ, ಇದು ಯಾವ ಜಾತಿಯದು ಎಂದು ನಿರ್ಧರಿಸುವುದು, ನಿರ್ಧರಿಸಿದ್ದನ್ನು ಬುಟ್ಟಿ ಮುಟ್ಟುವವರೆಗೆ ಮರೆಯದಿರುವುದು, ಎಲ್ಲ ಅದರಲ್ಲೇ ಇತ್ತು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅವರಿಗೆ ತಿಳಿದಿದ್ದ ಕೆಲಸವನ್ನೇ ಕೊಡಿ. ಬಲೆ ಹೆಣೆಯುತ್ತಿದ್ದವರಿಗೆ ಬಲೆ, ಹೂ ಕಟ್ಟುತ್ತಿದ್ದವರಿಗೆ ಹೂವು. ಚಾಕು ಕತ್ತಿ ಬೇಡ, ಅಷ್ಟೇ. ಮತ್ತು ಮೊದಲ ಮೂರರಿಂದ ಆರು ತಿಂಗಳು ಸುಧಾರಣೆ ಬೇಗ ಬರುತ್ತದೆ, ಆ ಕಾಲವನ್ನು ವಿಶ್ರಾಂತಿ ಎಂದು ಮಲಗಿಸಿ ಕಳೆಯಬೇಡಿ. ಆರು ತಿಂಗಳಿಗೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. ನನ್ನ ಕೈಯಲ್ಲಿ ಈಗಲೂ ಹೊಸದು ಬರುತ್ತಿದೆ. ಅಂಗಿಯ ಕುತ್ತಿಗೆ ಗುಂಡಿ ಬಂದದ್ದು ಈ ವರ್ಷ.

ಎಲ್ಲಕ್ಕಿಂತ ಕಷ್ಟವಾದದ್ದು ಕೈಯೂ ಅಲ್ಲ, ಮಾತೂ ಅಲ್ಲ, ದಣಿವು. ಗದ್ದೆ ಕೆಲಸ ಮಾಡಿ ಬರುವ ದಣಿವಲ್ಲ ಇದು. ನಮ್ಮ ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಬಲ್ಬು ಉರಿಯುತ್ತಲೇ ಇರುತ್ತದೆ, ಆದರೆ ಆ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ. ತಲೆ ಹಾಗಾಗುತ್ತದೆ. ಒಂದು ಫೋನ್ ಕರೆ, ಎರಡು ಜನ ಒಟ್ಟಿಗೆ ಮಾತಾಡುವುದು, ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದ ಸದ್ದು ಸಾಕು. ಹೊರಗಿನವರಿಗೆ ಇದು ಕಾಣುವುದಿಲ್ಲ. ನೋಡಲು ಬಂದವರು ಆಸರಿಗೆ ಕುಡಿದು, “ನೋಡಿರೆ ಎಂತದೂ ಆದಂಗೆ ಕಾಣ್ತಿಲ್ಲೆ ಮಾರಾಯಾ, ಅಡ್ಡಿಲ್ಲೆ, ಅಡ್ಡಿಲ್ಲೆ” ಎಂದು ಬೆನ್ನು ತಟ್ಟುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಗೊತ್ತು. ಅವರು ಗೇಟು ದಾಟುವ ಮೊದಲೇ ನಾನು ಕತ್ತಲೆ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿರುತ್ತಿದ್ದೆ, ಮಾತಾಡಿಸಿದರೆ ಉತ್ತರಿಸಲು ಆಗುತ್ತಿರಲಿಲ್ಲ. ಕೆಲವರು ಇದನ್ನು ಸೋಮಾರಿತನ ಎಂದರು, ಕೆಲವರು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ ಎಂದರು. ಗಾಯವಾದ ಮಿದುಳು ಮೊದಲು ಹಗುರವಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಹೆಚ್ಚು ದುಡಿಯಬೇಕು, ಬೇಗ ಬರಿದಾಗುತ್ತದೆ. ಹತ್ತಿರದವರು ಕಲಿಯಬೇಕಾದದ್ದರಲ್ಲಿ ಇದೇ ಮೊದಲನೆಯದು ಎಂದು ನನಗೆ ಅನ್ನಿಸುತ್ತದೆ: ಒಬ್ಬರಾದ ಮೇಲೆ ಒಬ್ಬರು ಮಾತಾಡಿ, ಟಿವಿ ಆರಿಸಿ, ಉತ್ತರಕ್ಕೆ ಕಾಯಿರಿ, ವಾಕ್ಯವನ್ನು ನೀವೇ ಪೂರ್ತಿಮಾಡಬೇಡಿ.

ನನ್ನ ಹೆಂಡತಿ ಇದನ್ನು ಎಲ್ಲರಿಗಿಂತ ಬೇಗ ಕಲಿತಳು. ಕಲಿಯದೆ ಅವಳಿಗೆ ಬೇರೆ ದಾರಿ ಇರಲಿಲ್ಲ ಎಂಬುದೂ ನಿಜ. ಬ್ಯಾಂಕು, ಮಾತ್ರೆ, ಮಗಳ ಶಾಲೆ, ತನ್ನ ಕೆಲಸ, ಎಲ್ಲ ಅವಳ ತಲೆಯ ಮೇಲೆ. ಜೊತೆಗೆ ಮೊದಲು ತಮಾಷೆ ಮಾಡುತ್ತ ಓಡಾಡುತ್ತಿದ್ದವನ ಬದಲು ಸಣ್ಣದಕ್ಕೆ ಸಿಡಿಯುವ, ಟಿವಿಯಲ್ಲಿ ಮಕ್ಕಳು ಹಾಡಿದರೆ ಅಳುವ ಗಂಡ. ಸಿಡುಕು, ಅಳು ಎರಡೂ ಮಿದುಳಿನ ಗಾಯದ ಲಕ್ಷಣ ಎಂದು ಡಾಕ್ಟರು ಹೇಳಿದರೂ ಅದರ ಜೊತೆ ದಿನ ಕಳೆಯಬೇಕಾದವಳು ಅವಳು. ಮೊದಲಿನವರು ಬರ್ತಾರೆ ಎಂದು ಕಾಯುವುದನ್ನು ಬಿಟ್ಟಿದ್ದೇನೆ, ಈಗ ಇರುವವರ ಪರಿಚಯ ಮಾಡಿಕೊಳ್ಳುತ್ತಿದ್ದೇನೆ ಎಂದು ಒಮ್ಮೆ ತನ್ನ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಮೊದಲು ಚುಚ್ಚಿತು. ಆಮೇಲೆ ಅದರಿಂದಲೇ ನನಗೂ ಹಗುರವಾಯಿತು, ಹಳೆಯ ನನ್ನನ್ನು ಹಿಂದೆ ತರುವ ಭಾರ ಇಳಿಯಿತು.

ಕಾರವಾರಕ್ಕೆ ಮರಳಿದ ಮೇಲೆ ನಾನಾಗಿ ಆರಿಸಿಕೊಂಡ ಅಭ್ಯಾಸ ಭಾನುವಾರದ ಸಂತೆ. ಗದ್ದಲ, ಬಿಸಿಲು, ಮೈಕು, ಕೊಂಕಣಿ ಕನ್ನಡ ಎರಡೂ ಬೆರೆತ ಕೂಗು. ನನ್ನ ತಲೆಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಮೊದಲು ಬೆಳಿಗ್ಗೆ ಬೇಗ, ಅಂಗಡಿ ಬಿಚ್ಚುವ ಹೊತ್ತಿಗೆ, ಒಂದೇ ಒಂದು ವಸ್ತು ತರಲು. ಬದನೆಕಾಯಿ ಎಂದು ಚೀಟಿಯಲ್ಲಿ ಬರೆದಿತ್ತು, ಆದರೆ ಚೀಟಿ ತೆಗೆಯದೆ ಹೇಳಬೇಕೆಂದು ಹಟ. ಅಂಕೋಲೆ ಕಡೆಯಿಂದ ತರಕಾರಿ ತರುವ ಹಾಲಕ್ಕಿ ಹೆಂಗಸೊಬ್ಬಳ ಮುಂದೆ ನಿಂತೆ. ಕುತ್ತಿಗೆ ತುಂಬ ಕರಿಮಣಿ, ಮುಂದೆ ಗೋಣಿ ಹಾಸಿ ಹರಡಿದ ಬದನೆ, ಹರಿವೆ, ಮೊಗೆಕಾಯಿ. “ಬ…” ಎಂದೆ. ಮುಂದೆ ಬರಲಿಲ್ಲ. ಹಿಂದಿನವರು ಗೊಣಗಿದರು. ಆಕೆ ಅವರನ್ನು ಕಣ್ಣಲ್ಲೇ ತಡೆದು, “ಗಡಬಡಿ ಎಂತಕೆ? ಸಾವ್ಕಾಶ ಹೇಳ್ರಾ” ಎಂದು ಎಲೆಅಡಿಕೆ ಹಾಕಿಕೊಳ್ಳತೊಡಗಿದಳು. ಬದನೆಯ ಕಡೆ ಕೈ ತೋರಲಿಲ್ಲ, ಊಹಿಸಿ ಹೇಳಲೂ ಇಲ್ಲ. ಸುಣ್ಣ ಸವರಿ, ಎಲೆ ಮಡಚಿ, ಬಾಯಿಗಿಡುವಷ್ಟರಲ್ಲಿ ನನಗೆ ಶಬ್ದ ಬಂತು. ಚಿಲ್ಲರೆಯನ್ನು ಬಲಗೈಯಲ್ಲೇ ಎಣಿಸಿ ಕೊಟ್ಟೆ. ಥೆರಪಿಸ್ಟರು ನಮ್ಮ ಮನೆಯವರಿಗೆ ತಿಂಗಳುಗಟ್ಟಲೆ ಹೇಳಿಕೊಟ್ಟದ್ದನ್ನು ಆಕೆ ಯಾರೂ ಹೇಳದೆ ಮಾಡಿದಳು. ಈಗಲೂ ಅವಳ ಹತ್ತಿರವೇ ಕೊಳ್ಳುತ್ತೇನೆ.

ಎಲ್ಲರಿಗೂ ಇಂಥ ಮನೆ, ಇಷ್ಟು ಓದು, ವಿಡಿಯೋ ಕರೆಗೆ ನೆಟ್‌ವರ್ಕ್ ಇರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಸ್ಕೂಬಾ ಮಾಡಿ ಮಿದುಳಿಗೆ ಗಾಯವಾಗುವುದು ಅಪರೂಪ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿಗೆ ಕಾಣುವುದು ಬೈಕ್ ಅಪಘಾತ, ಮರದಿಂದ ಬೀಳುವುದು, ಜಲಪಾತದ ಗುಂಡಿಗೆ ತಲೆ ಕೆಳಗಾಗಿ ಹಾರಿದ ಹುಡುಗರು. ಘಟ್ಟದ ಹೊಳೆಗಳ ನೀರು ಕಪ್ಪಗೆ ಆಳವಾಗಿ ಕಾಣುತ್ತದೆ, ಬಂಡೆ ಎಲ್ಲಿದೆ ಎಂದು ತಿಳಿಯುವುದಿಲ್ಲ, ಹೋದ ವರ್ಷ ಇಲ್ಲದ ಬಂಡೆ ಮಳೆಗಾಲದ ಪ್ರವಾಹಕ್ಕೆ ಉರುಳಿ ಬಂದಿರುತ್ತದೆ. ಹಾಗೆ ಹಾರಿ ಪೆಟ್ಟು ತಿಂದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ಹಿಡಿದು, ಮುಖ ನೀರಿನ ಮೇಲಿಟ್ಟು, ಹಲಗೆ ಸಿಕ್ಕಿದರೆ ಅದರ ಮೇಲೆ ಮಲಗಿಸಿ ತನ್ನಿ. ಉಸಿರಿಲ್ಲದಿದ್ದರೆ ಉಸಿರೇ ಮೊದಲು.

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಜಿಲ್ಲೆಯ ಹೊರಗಿನ ಆಸ್ಪತ್ರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ಮಗುಚಿ ನಾಲ್ವರು ತೀರಿಕೊಂಡರು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಆಗ ಮನೆಮನೆಯಿಂದ ಎದ್ದಿತು. ನನ್ನದೂ ಅದೇ ಕೂಗು. ಅದರ ಜೊತೆ ನಾನು ಇನ್ನೊಂದನ್ನು ಸೇರಿಸುತ್ತೇನೆ, ಅದಕ್ಕೆ ಅಷ್ಟು ದುಡ್ಡೂ ಬೇಡ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ, ಆ ಊರಿನ ಸಂತೆಯ ದಿನ, ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಮಾತಿನ ಚಿಕಿತ್ಸಕರು ಕೂರಲಿ. ಸಂತೆಗೆ ಹೇಗೂ ಬಸ್ಸು ಇರುತ್ತದೆ, ಮನೆಯಿಂದ ಒಬ್ಬರು ಹೇಗೂ ಬರುತ್ತಾರೆ, ರೋಗಿಯನ್ನೂ ಕರೆತರಬಹುದು. ಬೇರೆ ದಿನ ಮಾಡಿದರೆ ಒಂದು ದಿನದ ಕೂಲಿ ಹೋಗುತ್ತದೆ, ಎರಡು ಸಲ ಬಂದು ಮೂರನೇ ಸಲ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಕೈ ಮಡಚಿಕೊಂಡು ಎದೆಗಂಟಿ, ಗಂಟಾಗಿ ಕೂತಿದೆ.

ಕೊನೆಗೆ ಉದ್ಯೋಗದ ವಿಷಯ, ಇದನ್ನು ಕೇಳಿ ಬರೆಯುವವರು ಹೆಚ್ಚು. ರಜೆ ಮುಗಿಯುತ್ತ ಬಂದಾಗ ಹಿತೈಷಿಗಳೊಬ್ಬರು, ಮಾತು ತೊದಲುವ ಮೇಷ್ಟ್ರು ಪಾಠ ಹೇಗೆ ಮಾಡುತ್ತಾರೆ, ಸ್ವಯಂ ನಿವೃತ್ತಿ ತೆಗೆದುಕೊಳ್ಳಲಿ ಎಂದರು. ಸಹಿ ಹಾಕುವ ಮೊದಲು ಕಾನೂನು ಓದಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ 4ನೇ ಉಪಕಲಮು ಹೇಳುವುದು ಇದನ್ನು: ಸೇವೆಯಲ್ಲಿರುವಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಆ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಗಾಯ ಎಂದೇ ಪ್ರತ್ಯೇಕ ಹೆಸರಿಲ್ಲ, ಆದರೆ ಚಲನೆಯ ವೈಕಲ್ಯ ಇದೆ, ಮಾತು ಮತ್ತು ಭಾಷೆಯ ವೈಕಲ್ಯ ಇದೆ, ಪ್ರಮಾಣಪತ್ರ ಅವುಗಳ ಅಡಿಯಲ್ಲಿ ಸಿಗುತ್ತದೆ. ದಣಿವಿಗೆ ಶೇಕಡಾವಾರು ಇಲ್ಲ. ಅದನ್ನು ಬಾಯಿಬಿಟ್ಟು ಹೇಳಿಯೇ ಒಪ್ಪಿಸಬೇಕು.

ನಮ್ಮ ಪ್ರಾಚಾರ್ಯರು ಒಪ್ಪಿದರು. ಈಗ ನನ್ನದು ಬೆಳಗಿನ ಮೊದಲ ಪೀರಿಯಡ್ ಮತ್ತು ಲ್ಯಾಬ್. ಬೋರ್ಡಿನ ಮೇಲೆ ಬಲಗೈಯಲ್ಲೇ ಬರೆಯುತ್ತೇನೆ, ಅಕ್ಷರ ದೊಡ್ಡದು, ಸಮೀಕರಣದ ಗೆರೆ ಮೇಲಕ್ಕೆ ಏರುತ್ತದೆ. ಶಬ್ದ ಸಿಗದಿದ್ದಾಗ ಬಲ ಅಂಗೈ ಎತ್ತಿ ನಿಲ್ಲುತ್ತೇನೆ, ಮಕ್ಕಳು ಕಾಯುತ್ತಾರೆ. ಬಾಯ್ಲ್‌ನ ನಿಯಮ ಬಂದಾಗ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ದಂಡ ಎಳೆಸುತ್ತೇನೆ, ನೇತ್ರಾಣಿಯಲ್ಲಿ ಆದದ್ದನ್ನೂ ಹೇಳುತ್ತೇನೆ. ಈ ಮಕ್ಕಳಲ್ಲಿ ಮಾಜಾಳಿ, ಬೈತಖೋಲದ ಮೀನುಗಾರರ ಮನೆಯವರಿದ್ದಾರೆ, ನೀರಿಗೆ ಇಳಿಯುವವರೇ. ಮುಂದಿನ ಜೂನಿನಿಂದ ವಾರಕ್ಕೆ ಎರಡು ಪೀರಿಯಡ್ ಹೆಚ್ಚಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಮಧ್ಯಾಹ್ನದ ಊಟದ ನಂತರದ್ದು ಬೇಡ ಎಂದೂ ಅದರಲ್ಲೇ ಬರೆದಿದ್ದೇನೆ.